ನಾಲೆ ಹುಟ್ಟಿಸಿದ ಊರುಗಳು



ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಕಂಡದ್ದು 1915ರಲ್ಲಿ. ಅಂದಿನಿಂದ ನಮ್ಮ ಭಾಗದ ಚರಿತ್ರೆ ಬರೆಯುವವರೆಲ್ಲ ಆ ಬಂಡೆಗೆ ಕೈಮುಗಿದೇ ಮುಂದೆ ಹೋಗುತ್ತಾರೆ. ಮುಗಿಯಲಿ. ಆದರೆ ತುಂಗಭದ್ರಾ ಎಡದಂಡೆ ನಾಲೆಯ ಗುಂಟ ಕೂತಿರುವ ಕ್ಯಾಂಪುಗಳಿಗೆ ಶಾಸನವಿಲ್ಲ, ಕೈಫಿಯತ್ತಿಲ್ಲ, ಸ್ಥಳಪುರಾಣವಿಲ್ಲ. ನಿನ್ನೆ ಮೊನ್ನೆ ಹುಟ್ಟಿದ ಊರಿಗೆ ಎಂಥ ಚರಿತ್ರೆ ಎನ್ನುವವರೂ ಉಂಟು. ನನಗೆ ಕೇಳಿದರೆ, ರಾಯಚೂರು ಜಿಲ್ಲೆಯ ಕಳೆದ ಶತಮಾನ ಅರ್ಥವಾಗಬೇಕಾದರೆ ಮೊದಲು ಹೊಕ್ಕು ನೋಡಬೇಕಾದವು ಈ ಊರುಗಳೇ.

1945ರ ಫೆಬ್ರುವರಿ 28ರಂದು ಹೊಳೆಯ ಒಂದು ದಂಡೆಯಲ್ಲಿ ಹೈದರಾಬಾದ್ ಸಂಸ್ಥಾನ, ಇನ್ನೊಂದರಲ್ಲಿ ಮದ್ರಾಸ್ ಸರಕಾರ ಅಣೆಕಟ್ಟೆಗೆ ಅಡಿಗಲ್ಲು ಹಾಕಿದವು. 1953ರಲ್ಲಿ ನಾಲೆಗೆ ನೀರು ಬಂತು. ಬರಗಾಲದ ನಾಡಿಗೆ ಆಸರೆಯಾಗಲೆಂದು ಬಿಟ್ಟ ನೀರು ಅದು. ಬಹುಪಾಲು ಜಮೀನಿಗೆ ಜೋಳ, ಹತ್ತಿ, ಶೇಂಗಾ ಎಂದೇ ಲೆಕ್ಕ ಹಾಕಿದ್ದರು. ನಮ್ಮ ರೈತರಿಗೋ ಎರೆಹೊಲಕ್ಕೆ ನೀರು ಹಾಯಿಸುವುದೆಂದರೆ ಭಯ. ಗೋದಾವರಿ, ಕೃಷ್ಣಾ ಮುಖಜ ಭೂಮಿಯಿಂದ ಬಂದವರಿಗೆ ಆ ಭಯ ಇರಲಿಲ್ಲ. ಅಲ್ಲಿ ಒಂದೆರಡು ಎಕರೆ ಮಾರಿದ ದುಡ್ಡಿಗೆ ಇಲ್ಲಿ ಹತ್ತಾರು ಎಕರೆ ಸಿಗುತ್ತಿತ್ತು. ಹೊಲದ ನಡುವೆಯೇ ಗುಡಿಸಲು ಹಾಕಿದರು, ಮಡಿ ಕಟ್ಟಿದರು, ನೆಲ್ಲು ನಾಟಿ ಮಾಡಿದರು. ಗುಡಿಸಲ ಗುಂಪು ಕ್ಯಾಂಪಾಯಿತು; ಮುಂದೆ ಗುಡಿ ಬಂತು, ಶಾಲೆ ಬಂತು, ರೈಸ್‌ಮಿಲ್ಲು ಬಂತು.

ಇದನ್ನು ಸಾಹಸದ ಕಥೆಯೆಂದು ಹೇಳುವುದು ರೂಢಿ. ಸಾಹಸವೇ ಹೌದು. ಆದರೆ ಹೊಲ ಮಾರಿದವನ ಮನೆಯ ಹೆಣ್ಣುಮಕ್ಕಳು ಅದೇ ಹೊಲಕ್ಕೆ ನಾಟಿ ಕೂಲಿಗೆ ಹೋದದ್ದೂ ಅದೇ ಕಥೆಯ ಭಾಗ. ಕ್ಯಾಂಪಿನ ಚರಿತ್ರೆ ಬರೆಯುವವರು ಪಕ್ಕದ ಮೂಲ ಊರಿನ ಅಗಸಿಯೊಳಗೂ ಹೋಗಿ ಕೇಳದಿದ್ದರೆ ಅದು ಅರ್ಧ ಚರಿತ್ರೆ.

ಇನ್ನೊಂದು ಬಗೆಯ ಕ್ಯಾಂಪೂ ಸಿಂಧನೂರು ತಾಲ್ಲೂಕಿನಲ್ಲಿದೆ. ಆರ್.ಎಚ್. ಕ್ಯಾಂಪು ಎಂದರೆ ಇಲ್ಲಿ ಎಲ್ಲರಿಗೂ ಗೊತ್ತು. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳನ್ನು ಸರಕಾರವೇ ತಂದು ನೆಲೆಗೊಳಿಸಿದ ಊರುಗಳಿವು. ಹೆಸರಿನ ಬದಲು ನಂಬರು: ಎರಡು, ಮೂರು, ನಾಲ್ಕು. ಆಂಧ್ರದವರು ಭೂಮಿ ಹುಡುಕಿ ಬಂದರು. ಇವರನ್ನು ಭೂಮಿ ತೋರಿಸಿ ಕೂಡಿಸಿದರು. ಇವರಲ್ಲಿನ ನಮಶೂದ್ರರು ಬಂಗಾಳದಲ್ಲಿ ಪರಿಶಿಷ್ಟ ಜಾತಿ. ಇಲ್ಲಿ ಆ ಸರ್ಟಿಫಿಕೇಟಿಗಾಗಿ ದಶಕಗಳ ಅಲೆದಾಟ. ಹಲವರ ಪೌರತ್ವವೂ ಕಾಗದದ ಮೇಲೆ ತೂಗಾಡುತ್ತಲೇ ಇತ್ತು. 2024ರಲ್ಲಿ ಕೆಲವೇ ಮಂದಿಗೆ ಪೌರತ್ವದ ಪತ್ರ ಕೈಸೇರಿತು. ಇಷ್ಟಾದರೂ ದುರ್ಗಾಪೂಜೆ ನಿಂತಿಲ್ಲ, ಮಕ್ಕಳ ಕನ್ನಡದಲ್ಲಿ ರಾಯಚೂರಿನ ಗತ್ತೂ ಬಂದಿದೆ.

ಕ್ಯಾಂಪುಗಳ ಹಣೆಬರಹವೆಲ್ಲ ನಾಲೆಯ ಗೇಜಿನಲ್ಲಿದೆ. 227 ಕಿಲೋಮೀಟರ್ ಉದ್ದದ ನಾಲೆ. ಮೇಲ್ಭಾಗದಲ್ಲಿ ನೆಲ್ಲು ಹೆಚ್ಚಿದಷ್ಟೂ 69ನೇ ಮೈಲು, 104ನೇ ಮೈಲಿನ ಕಡೆಯವರು ನೀರಿಗಾಗಿ ರಸ್ತೆಗಿಳಿಯುತ್ತಾರೆ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ನೀರು ಹೆಚ್ಚಾದ ಹೊಲ ಸವುಳಾಗಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಈ ಊರುಗಳ ಬುಡ ಎಷ್ಟು ಸಡಿಲವೆಂದು ಎಲ್ಲರಿಗೂ ತಿಳಿಯಿತು.

ಇತ್ತ ನಾಲೆ ಮುಟ್ಟದ ಮಸ್ಕಿ, ಲಿಂಗಸುಗೂರಿನ ಒಣ ಹಳ್ಳಿಗಳ ಜನ ಗುಳೆ ಹೋಗುತ್ತಾರೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತದ್ದು ಸುಮ್ಮನೆ ಅಲ್ಲ. ನೀರು ಬಂದರೆ ಅಲ್ಲಿಯೂ ಏನೇನಾಗಬಹುದು ಎಂಬುದಕ್ಕೆ ಸಿಂಧನೂರಿನ ಕ್ಯಾಂಪುಗಳಿಗಿಂತ ಹತ್ತಿರದ ಪಾಠ ಇನ್ನೊಂದಿಲ್ಲ.

ಮೊದಲ ನಾಟಿಗೆ ಕೆಸರು ತುಳಿದ ತಲೆಮಾರು ಇನ್ನು ಬೆರಳೆಣಿಕೆಯಷ್ಟು. ಇಲ್ಲಿ ಕೂತಿರುವ ಕಾಲೇಜು ವಿದ್ಯಾರ್ಥಿಗಳಲ್ಲಿ ನನ್ನ ಕೇಳಿಕೆ ಇಷ್ಟೇ: ತೆಲುಗು, ಬಂಗಾಳಿ, ಕನ್ನಡ, ಅವರು ಯಾವುದರಲ್ಲಿ ಹೇಳುತ್ತಾರೋ ಅದರಲ್ಲೇ ಬರೆದುಕೊಳ್ಳಿ, ಹಳೆಯ ಪಹಣಿ, ಕ್ರಯಪತ್ರ, ರೇಷನ್ ಕಾರ್ಡುಗಳ ನಕಲು ತೆಗೆದಿಡಿ. ಈ ವರ್ಷವೇ ಶುರುಮಾಡಿ.