ರೈಫಲ್ ಸಿಕ್ಕಿಕೊಂಡಾಗ



ನಿಮ್ಮಲ್ಲಿ ಹಲವರು ಎನ್.ಸಿ.ಸಿ. ಸಮವಸ್ತ್ರ ತೊಟ್ಟವರು. ಶಿಬಿರದಲ್ಲಿ ಗುಂಡು ಹಾರಿಸಲು ಮೊದಲು ನಿಮ್ಮ ಕೈಗೆ ಬರುವುದು ಸಾಮಾನ್ಯವಾಗಿ .22 ರೈಫಲ್. ಅದರಲ್ಲಿ ಪ್ರತಿ ಗುಂಡಿಗೂ ಬೋಲ್ಟನ್ನು ನೀವೇ ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕು. ಮುಂದೆ ಕೆಲವರಿಗೆ 7.62 ಮಿಲಿಮೀಟರಿನ ಎಸ್.ಎಲ್.ಆರ್. ಹಿಡಿಯುವ ಅವಕಾಶವೂ ಸಿಗಬಹುದು. ಬೆಲ್ಜಿಯಂ ಮೂಲದ ವಿನ್ಯಾಸದ ಈ ರೈಫಲ್ ಪಶ್ಚಿಮ ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ತಯಾರಾಗಿ, 1960ರ ದಶಕದಿಂದ ನಮ್ಮ ಸೈನಿಕರ ಹೆಗಲೇರಿತು. 1990ರ ದಶಕದ ಕೊನೆಯಲ್ಲಿ ಇನ್ಸಾಸ್ ಬರುವವರೆಗೂ ಅದೇ ಸೇನೆಯ ಮುಖ್ಯ ರೈಫಲ್.

ಇದು ಅರೆ-ಸ್ವಯಂಚಾಲಿತ ಆಯುಧ. ಒಂದು ಗುಂಡು ಹಾರಿದಾಗ ಹುಟ್ಟುವ ಅನಿಲದ ಒಂದು ಪಾಲು ಪಿಸ್ಟನ್ನನ್ನು ಹಿಂದಕ್ಕೆ ದೂಡುತ್ತದೆ. ಬೋಲ್ಟ್ ಹಿಂದೆ ಸರಿದು ಖಾಲಿ ಕೇಸನ್ನು ಹೊರಗೆಸೆಯುತ್ತದೆ. ಸ್ಪ್ರಿಂಗಿನ ಬಲದಿಂದ ಅದು ಮುಂದೆ ಬರುವಾಗ ಮ್ಯಾಗಜಿನ್‌ನಲ್ಲಿರುವ ಮುಂದಿನ ಕಾಡತೂಸನ್ನು ತಳ್ಳಿಕೊಂಡು ಹೋಗಿ ಚೇಂಬರಿನಲ್ಲಿ ಕೂರಿಸುತ್ತದೆ. ಇಷ್ಟೆಲ್ಲ ನಡೆಯುವುದು ಕಣ್ಣು ಮಿಟುಕಿಸುವುದರೊಳಗೆ. ನಿಮ್ಮ ಪಾಲಿಗೆ ಉಳಿದದ್ದು ಟ್ರಿಗರ್ ಎಳೆಯುವುದೊಂದೇ.

ಈ ಸರಪಳಿಯ ಒಂದು ಕೊಂಡಿ ತಪ್ಪಿದರೂ ರೈಫಲ್ ಸಿಕ್ಕಿಕೊಳ್ಳುತ್ತದೆ. ಮಸಿ ಕಟ್ಟಿ ಅನಿಲದ ಬಲ ಕುಂದಿರಬಹುದು, ಮ್ಯಾಗಜಿನ್‌ನ ತುಟಿ ಬಾಗಿರಬಹುದು, ಮರಳು ಸೇರಿರಬಹುದು, ಕಾಡತೂಸೇ ಹಳೆಯದಿರಬಹುದು. ಕಾರಣ ಯಾವುದೇ ಇರಲಿ, ಆ ಗಳಿಗೆಯಲ್ಲಿ ಒಳಗೆ ಏನಿದೆ ಎಂಬುದು ನಿಮಗೆ ತಿಳಿಯದು. ಚೇಂಬರಿನಲ್ಲಿ ಜೀವಂತ ಗುಂಡಿರಬಹುದು. ಹೊಡೆಯುವ ಭಾಗ ಸಿಡಿಯಲು ಸಜ್ಜಾಗಿಯೇ ಇರಬಹುದು. ಸಿಕ್ಕಿಕೊಂಡ ರೈಫಲನ್ನು ಕೆಟ್ಟುನಿಂತ ಸೈಕಲ್ಲಿನಂತೆ ಕಾಣಬೇಡಿ, ಅದು ತುಂಬಿದ ರೈಫಲ್.

ಈಗ ಗಮನಿಸಿ. ಟ್ರಿಗರ್ ಎಳೆದಿರಿ, 'ಟಿಕ್' ಎಂದಿತು, ಗುಂಡು ಹೋಗಲಿಲ್ಲ. ಮನಸ್ಸು ಮೊದಲು ಮಾಡಹೊರಡುವುದೇನು ಬಲ್ಲಿರಾ? ರೈಫಲ್ ಹಿಡಿದುಕೊಂಡೇ ತಿರುಗಿ, "ಸರ್, ಹೋಗ್ತಾ ಇಲ್ಲ" ಎನ್ನುವುದು. ತಿರುಗಿದ್ದು ಮುಖ ಮಾತ್ರವಲ್ಲ, ನಳಿಕೆಯೂ ತಿರುಗಿತು. ಪಕ್ಕದಲ್ಲಿ ಮಲಗಿ ಗುರಿ ಹಿಡಿದ ಗೆಳೆಯರನ್ನೂ ಹಿಂದೆ ನಿಂತ ಶಿಕ್ಷಕರನ್ನೂ ಅದು ಸವರಿಕೊಂಡು ಬಂತು. ಕಾಡತೂಸಿನ ಬುಡದ ಕೇಪಿಗೆ ಪೆಟ್ಟು ಬಿದ್ದರೂ ಒಳಗಿನ ಮದ್ದು ತುಸು ತಡವಾಗಿ ಹೊತ್ತಿಕೊಳ್ಳುವುದುಂಟು. ಇದಕ್ಕೆ 'ಹ್ಯಾಂಗ್ ಫೈರ್' ಎನ್ನುತ್ತಾರೆ. ಅಪರೂಪವೇನೋ ಸರಿ, ಆದರೆ ಸೆಕೆಂಡಿಗೆ 800 ಮೀಟರಿಗೂ ಹೆಚ್ಚು ವೇಗದ ಗುಂಡಿಗೆ ಒಂದು ಸಲ ಸಾಕು.

ಆದ್ದರಿಂದ ನಳಿಕೆ ಗುರಿಯ ಕಡೆಗೇ ಇರಲಿ. ಬೆರಳು ಟ್ರಿಗರಿನಿಂದ ಹೊರಗೆ ಬರಲಿ. ಮಲಗಿದಲ್ಲಿಂದಲೇ ಒಂದು ಕೈ ಎತ್ತಿ, ಶಿಕ್ಷಕರು ಬರುವವರೆಗೆ ಹಾಗೆಯೇ ಇರಿ. ಕನಿಷ್ಠ ಅರ್ಧ ನಿಮಿಷ ಕಾಯಬೇಕು. ಕೆಲವೆಡೆ ಒಂದು ನಿಮಿಷ ಕಾಯಿಸುತ್ತಾರೆ, ಅದು ಇನ್ನೂ ಒಳ್ಳೆಯದು. ಯುದ್ಧಭೂಮಿಯಲ್ಲಿ ಸೈನಿಕ ಹೀಗೆ ಕಾಯುವುದಿಲ್ಲ, ನಿಜ. ಅವನ ಎದುರಿಗೆ ಶತ್ರುವಿದ್ದಾನೆ. ನಿಮ್ಮ ಎದುರಿಗಿರುವುದು ಕಾಗದದ ಗುರಿಹಲಗೆ. ಅದು ಎಲ್ಲಿಗೂ ಓಡಿಹೋಗುವುದಿಲ್ಲ.

ನಂತರ ಶಿಕ್ಷಕರ ಆಜ್ಞೆಯಂತೆ ಮೊದಲು ಮ್ಯಾಗಜಿನ್ ಬಿಚ್ಚಬೇಕು. ಈ ಕ್ರಮ ಏಕೆ ಮುಖ್ಯ? ಮ್ಯಾಗಜಿನ್ ಇದ್ದಂತೆಯೇ ಕಾಕಿಂಗ್ ಹ್ಯಾಂಡಲ್ ಎಳೆದುಬಿಟ್ಟರೆ, ಒಂದು ಕಾಡತೂಸು ಹೊರಗೆ ಬಿದ್ದೀತು, ಇನ್ನೊಂದು ಒಳಗೆ ಹೋಗಿ ಕುಳಿತೀತು. ನೀವು ಮಾತ್ರ ಖಾಲಿಯಾಯಿತೆಂದು ನಂಬಿರುತ್ತೀರಿ. ಮ್ಯಾಗಜಿನ್ ಹೊರಬಂದ ಮೇಲೆ ಎಡಗಡೆಯ ಹ್ಯಾಂಡಲನ್ನು ಪೂರ್ತಿ ಎಳೆಯಿರಿ. ಬಲಗಡೆಯ ಕಿಂಡಿಯಿಂದ ಬೀಳುವುದನ್ನು ಅಂಗೈಯೊಡ್ಡಿ ಹಿಡಿಯಬೇಡಿ, ಮುಖವನ್ನೂ ಹತ್ತಿರ ತರಬೇಡಿ. ಬೋಲ್ಟನ್ನು ಹಿಂದೆ ಹಿಡಿದುಕೊಂಡು ಚೇಂಬರನ್ನು ಕಣ್ಣಾರೆ ನೋಡಬೇಕು. ಬೆಳಕು ಸಾಲದಿದ್ದರೆ ಕಿರುಬೆರಳಿನಿಂದ ಮುಟ್ಟಿ ನೋಡಬೇಕು. ಶಿಕ್ಷಕರೂ ನೋಡಿ ಒಪ್ಪಿದ ಮೇಲಷ್ಟೇ ಅದು ಖಾಲಿ.

ಕಾಡತೂಸು ಬಾರದೆ ಒಳಗೇ ಕಚ್ಚಿಕೊಂಡಿದ್ದರೆ? ಬಲ ಪ್ರಯೋಗ ಬೇಡ. ನಳಿಕೆಯ ಬಾಯಿಂದ ಸಲಾಕೆ ತೂರಿಸಿ ಕುಟ್ಟುವುದಂತೂ ಬೇಡವೇ ಬೇಡ. ಆಗ ಕೈ ಇರುವುದು ಗುಂಡಿನ ಹಾದಿಯಲ್ಲೇ. ಅದು ಆಯುಧ ದುರಸ್ತಿ ಬಲ್ಲವರ ಕೆಲಸ.

ಇನ್ನೊಂದು ಸಂಗತಿ ಇದಕ್ಕಿಂತ ಕಪಟದ್ದು. ಗುಂಡು ಹೋಯಿತು, ಆದರೆ ಸದ್ದು 'ಪುಸ್' ಎಂದಿತು, ಭುಜಕ್ಕೆ ಪೆಟ್ಟೇ ಇಲ್ಲ. ಮದ್ದು ಸಾಲದೆ ಗುಂಡು ನಳಿಕೆಯ ನಡುವೆಯೇ ನಿಂತಿರಬಹುದು. ಅದರ ಬೆನ್ನಿಗೆ ಮತ್ತೊಂದನ್ನು ಹಾರಿಸಿದರೆ ನಳಿಕೆ ಸೀಳಿಹೋಗುತ್ತದೆ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಸಿಕ್ಕಿಸಿ ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುರಿ ಹಿಡಿಯುವ ಮುನ್ನ ಹೂವನ್ನು ತೆಗೆದಿಡುವುದೇ ಸರಿ. ನಳಿಕೆಯೊಳಗೆ ಗುಂಡಲ್ಲದೆ ಬೇರೇನೂ ಇರಬಾರದು. ಎಸ್.ಎಲ್.ಆರ್. ನಡು ಮುರಿದಂತೆ ತೆರೆದುಕೊಳ್ಳುವುದರಿಂದ, ಖಾಲಿ ಮಾಡಿ ತೆರೆದು ಹಿಂಬದಿಯಿಂದಲೇ ನಳಿಕೆಯನ್ನು ಪರೀಕ್ಷಿಸಬಹುದು. ಬಾಯಿಯ ಕಡೆಯಿಂದ ಇಣುಕಬೇಡಿ.

ಕಡೆಗೆ ಆ ಸಿಡಿಯದ ಕಾಡತೂಸು. ಕೇಪಿನ ಮೇಲೆ ಪೆಟ್ಟಿನ ಗುಳಿ ಬಿದ್ದ ಅದನ್ನು ನೆನಪಿಗೆಂದು ಜೇಬಿಗೆ ಹಾಕುವವರಿದ್ದಾರೆ. ಅದನ್ನು ಶಿಕ್ಷಕರಿಗೆ ಒಪ್ಪಿಸಿ. ಅವರು ಅದನ್ನು ಒಳ್ಳೆಯ ಕಾಡತೂಸುಗಳ ಜೊತೆ ಬೆರೆಸದೆ ಪ್ರತ್ಯೇಕವಾಗಿಟ್ಟು, ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.