ಕಂಬಿ ಇಳಿಸಿದ ಮೇಲೆ



ಹೋಗುವಾಗ ದಿನಗಟ್ಟಲೆ ನಡೆದಿರಿ, ಬರುವಾಗ ಬಸ್ಸಿನಲ್ಲಿ ಒಂದೇ ರಾತ್ರಿ ತೂಕಡಿಸುತ್ತ ಬಂದಿರಿ. ಹೀಗಾಗಿ ಕಾಲು ಊರಿಗೆ ಬಂದರೂ ಮನಸ್ಸು ಇನ್ನೂ ನಲ್ಲಮಲದ ಅಡವಿಯಲ್ಲಿಯೇ ಇದೆ. ಭೀಮನಕೊಳ್ಳದ ಇಳಿತ, ಅಲ್ಲಿಂದ ಕೈಲಾಸದ್ವಾರದ ಏರು, ಬೆನ್ನು ಸುಡುವ ಚೈತ್ರದ ಬಿಸಿಲು, ಇವೆಲ್ಲ ಕಣ್ಣ ಮುಂದೆಯೇ ಇವೆ. ಕೆಲವರ ಅಂಗಾಲಿನ ಬೊಕ್ಕೆ ಕೂಡ ಇನ್ನೂ ಮಾಯ್ದಿಲ್ಲ. ಮರಗಾಲು ಕಟ್ಟಿ ನಡೆದವರ ಪಾಡನ್ನಂತೂ ಕೇಳುವುದೇ ಬೇಡ!

ಅಕ್ಕಮಹಾದೇವಿಯೂ ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದಳು. ಆಕೆ ಮರಳಲಿಲ್ಲ, ಕದಳಿಯಲ್ಲಿ ಐಕ್ಯಳಾದಳು. ನಾವು ಸಂಸಾರಿಗಳ ಜೊತೆಗೆ ಹೋದವರು. ಹೊಲ, ಎತ್ತು, ಮಕ್ಕಳ ಪರೀಕ್ಷೆ, ಸೊಸೈಟಿಯ ಸಾಲ ಎಲ್ಲವನ್ನೂ ಊರಲ್ಲಿಟ್ಟು ಹೋದವರು ಮರಳಲೇಬೇಕು. ಯುಗಾದಿಗೆ ಭ್ರಮರಾಂಬೆಗೆ ಸೀರೆ ಒಯ್ಯುವ ನಮ್ಮ ತಾಯಂದಿರು ಆಕೆಯನ್ನು ಮನೆಮಗಳೆಂದೇ ಎಣಿಸುತ್ತಾರೆ. ಮಗಳ ಮನೆಗೆ ಹೋದವರು ಅಲ್ಲಿಯೇ ಠಿಕಾಣಿ ಹೂಡುತ್ತಾರೆಯೇ?

2020ರಲ್ಲಿ ಯುಗಾದಿ ಮಾರ್ಚ್ 25ಕ್ಕೆ ಬಂತು. ಅಂದೇ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತ್ತು, ಗುಡಿಯಲ್ಲಿ ದರ್ಶನ ನಿಂತಿತ್ತು. ಅಂಗೈಯಲ್ಲಿ ಇಷ್ಟಲಿಂಗವಿದ್ದವರಿಗೆ ಆ ವರ್ಷ ಪೂಜೆ ತಪ್ಪಲಿಲ್ಲ. ಬಸವಾದಿ ಶರಣರು ಲಿಂಗವನ್ನು ಮೈಮೇಲೆ ಕಟ್ಟಿದ್ದು ಇದಕ್ಕಾಗಿಯೇ. ಹಾಗಾದರೆ ನಡೆದದ್ದು ಯಾತಕ್ಕೆ ಎಂದು ನಮ್ಮನ್ನು ಕೇಳುವವರಿದ್ದಾರೆ. ಕೇಳಲಿ. ನಾವು ಕಂಡದ್ದನ್ನು ಹೇಳುತ್ತೇವೆ.

ದಾರಿಯುದ್ದಕ್ಕೂ ಗುರುತಿಲ್ಲದ ಊರಿನವರು ಅಂಬಲಿ, ಮಜ್ಜಿಗೆ, ರೊಟ್ಟಿ ಇಟ್ಟುಕೊಂಡು ಕಾದಿದ್ದರು. ಬಿಸಿನೀರು ಕಾಸಿ ನಿಮ್ಮ ಕಾಲು ತೊಳೆದರು, ಎಣ್ಣೆ ತಿಕ್ಕಿದರು. ಯಾರ ಕಾಲು, ಯಾವ ಓಣಿಯದು ಎಂದು ಅವರು ಕೇಳಲಿಲ್ಲ. ನೀವೂ ಕೇಳಲಿಲ್ಲ, ಒಂದೇ ಚರಿಗೆಯ ನೀರು ಹತ್ತು ಜನ ಕುಡಿದಿರಿ, ಒಬ್ಬರ ಗಂಟನ್ನು ಇನ್ನೊಬ್ಬರು ಹೊತ್ತಿರಿ.

ಊರ ಅಗಸಿಯಲ್ಲಿ ಬಸ್ಸು ಇಳಿದಾಗ ಏನಾಯಿತು? ಗಂಟುಗಳು ಬೇರೆಯಾದವು, ಓಣಿಗಳು ಬೇರೆಯಾದವು. ಅಡವಿಯಲ್ಲಿ ನಿಮ್ಮ ಮುದುಕಿ ತಾಯಿಯ ಕೈಹಿಡಿದು ಏರು ಹತ್ತಿಸಿದ ಹುಡುಗ ಮರುದಿನ ನಿಮ್ಮ ಮನೆಗೆ ಬಂದರೆ ಕಟ್ಟೆಯ ಕೆಳಗೆ ನಿಂತು ಮಾತಾಡಿಸಿ ಕಳಿಸಿದಿರಿ! ಎಲ್ಲರೂ ಹೀಗೆ ಮಾಡಿದರೆಂದು ನಾವು ಅನ್ನುವುದಿಲ್ಲ. ಮಾಡಿದವರಿಗೆ ತಿಳಿದಿದೆ. ಅಡವಿಯಲ್ಲಿ ಅಣ್ಣ, ಊರಲ್ಲಿ ಅನ್ಯ ಎಂದರೆ ಮಲ್ಲಯ್ಯನ ಬೆಟ್ಟ ಹತ್ತಿದ್ದು ಕಾಲಷ್ಟೇ ಆಯಿತು. ಆ ಹುಡುಗನ ತಾಯಿ ಮನೆಯಲ್ಲಿ ಏನೆಂದುಕೊಂಡಿರಬೇಕು, ಯೋಚಿಸಿರಿ.

ಇಂದು ಕಂಬಿ ಮರಳಿದ ದಾಸೋಹ. ಪ್ರಸಾದಕ್ಕೆ ಎಲೆ ಹಾಕಿದೆ. ದಾರಿಯಲ್ಲಿ ಯಾರ ಪಕ್ಕದಲ್ಲಿ ಕುಳಿತು ಉಂಡಿರೋ ಅವರನ್ನು ಹುಡುಕಿ ಕರೆದುಕೊಂಡು ಬಂದು ಕೂಡಿರಿ. ಬಾರದೆ ಮನೆಯಲ್ಲಿ ಉಳಿದವರಿದ್ದರೆ ಈಗಲೇ ಹೋಗಿ ಕರೆತನ್ನಿರಿ, ನಾವು ಕಾಯುತ್ತೇವೆ.