ಕ್ಷಮೆಯೆಂಬ ಸಾಲ ಮನ್ನಾ

(ತಳಕಲ್‌ನಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಲ ಮನ್ನಾ ಎಂಬ ಮಾತು ನಮ್ಮ ಭಾಗದ ರೈತರಿಗೆ ಹೊಸದಲ್ಲ. ಆದರೆ ಮನ್ನಾ ಆದ ಸಾಲ ಎಲ್ಲಿಗೆ ಹೋಗುತ್ತದೆ? ಅದು ಗಾಳಿಯಲ್ಲಿ ಕರಗಿಹೋಗುವುದಿಲ್ಲ. ಪಡೆದವನು ತೀರಿಸದಿದ್ದರೆ ಕೊಟ್ಟವನು ಕಳೆದುಕೊಳ್ಳಬೇಕು, ಇಲ್ಲವೇ ಸರ್ಕಾರ ತುಂಬಿಕೊಡಬೇಕು. ಯಾರಾದರೊಬ್ಬರು ಆ ನಷ್ಟವನ್ನು ಹೊರಲೇಬೇಕು. ಕ್ಷಮೆಯ ವಿಷಯದಲ್ಲಿ ಕ್ರೈಸ್ತ ಧರ್ಮ ಹೇಳುವುದನ್ನು ತಿಳಿಯಲು ಇದೇ ಸುಲಭವಾದ ದಾರಿ. ಏಕೆಂದರೆ ಯೇಸು ಕ್ಷಮೆಯನ್ನು ವಿವರಿಸಿದ್ದೂ ಸಾಲದ ಭಾಷೆಯಲ್ಲಿಯೇ.

ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಆ ಪ್ರಸಂಗ ಬರುತ್ತದೆ. ತಪ್ಪು ಮಾಡಿದವನನ್ನು ಏಳು ಸಲ ಕ್ಷಮಿಸಿದರೆ ಸಾಕೇ ಎಂದು ಶಿಷ್ಯ ಪೇತ್ರ ಕೇಳುತ್ತಾನೆ. ಏಳೆಂದರೆ ಧಾರಾಳವಾಯಿತೆಂದು ಅವನ ಎಣಿಕೆ. ಯೇಸು ಅದನ್ನು ಎಪ್ಪತ್ತು ಪಟ್ಟು ಹೆಚ್ಚಿಸಿ, ಒಂದು ಕಥೆ ಹೇಳುತ್ತಾನೆ. ಒಬ್ಬ ಸೇವಕ ಅರಸನಿಗೆ 10,000 ತಲಾಂತು ಸಾಲ ಕೊಡಬೇಕಿತ್ತು. ಒಂದು ತಲಾಂತೆಂದರೆ ಸುಮಾರು 6,000 ದಿನಗಳ ಕೂಲಿ. ಅಂದರೆ ಅವನ ಸಾಲ 6 ಕೋಟಿ ದಿನಗಳ ಕೂಲಿಗೆ ಸಮ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ ಬೇಕು! ಅರಸ ಕನಿಕರಿಸಿ ಅಷ್ಟನ್ನೂ ಬಿಟ್ಟುಬಿಡುತ್ತಾನೆ. ಅದೇ ಸೇವಕ ಹೊರಗೆ ಬಂದವನೇ, ತನಗೆ 100 ದಿನಗಳ ಕೂಲಿಯಷ್ಟು ಬಾಕಿಯಿದ್ದ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ, ಸೆರೆಮನೆಗೆ ಹಾಕಿಸುತ್ತಾನೆ. ವಿಷಯ ತಿಳಿದ ಅರಸ ಅವನಿಗೆ ಕೊಟ್ಟಿದ್ದ ಕ್ಷಮೆಯನ್ನು ಹಿಂತೆಗೆದುಕೊಳ್ಳುತ್ತಾನೆ.

ಈ ಕಥೆಯ ಒಳದನಿಯನ್ನು ಗಮನಿಸಬೇಕು. ವಿಶ್ವಾಸಿಯಾದವನು ಕ್ಷಮಿಸುವುದು ತಾನು ದೊಡ್ಡವನೆಂಬ ಕಾರಣಕ್ಕಲ್ಲ; ತಾನೂ ಮನ್ನಾ ಪಡೆದ ಸಾಲಗಾರನೆಂಬ ನೆನಪಿನಿಂದ. ಶಿಲುಬೆಯ ಮೇಲೆ ದೇವರೇ ಆ ನಷ್ಟವನ್ನು ಹೊತ್ತನೆಂಬುದು ಕ್ರೈಸ್ತರ ನಂಬಿಕೆ.

ಕ್ಷಮೆಯ ಮಾತು ನಮ್ಮ ನೆಲಕ್ಕೆ ಕ್ರೈಸ್ತ ಧರ್ಮದೊಂದಿಗೇ ಬಂದದ್ದೇನೂ ಅಲ್ಲ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿರುವುದು ನಿಮಗೆಲ್ಲ ಗೊತ್ತು. ಅದೇ ಅಶೋಕ ತಾನು ಗೆದ್ದ ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಬರೆಸಿದ ಒಂದು ಶಾಸನದಲ್ಲಿ ಗಡಿಯ ಜನರಿಗೆ ಅಭಯ ಕೊಡುತ್ತಾನೆ: ಕ್ಷಮಿಸಲು ಸಾಧ್ಯವಾದುದನ್ನು ಅರಸ ಕ್ಷಮಿಸುತ್ತಾನೆ. ಈ ಶಾಸನದ ಪಾಠ ನಮ್ಮ ಕಲಬುರಗಿ ಸೀಮೆಯ ಸನ್ನತಿಯಲ್ಲಿಯೂ ದೊರೆತಿದೆ. ಇದು ಉದಾರವಾದ ಮಾತು. ಆದರೆ ರಾಜ್ಯವಾಳುವವನ ಮಾತಾದ್ದರಿಂದ ಅದಕ್ಕೊಂದು ಮೇರೆಯುಂಟು. ಆ ಮೇರೆಯ ಆಚೆಗಿನ ಅಪರಾಧವನ್ನು ಏನು ಮಾಡುವುದು?

ಆ ಪ್ರಶ್ನೆ ಅದೇ ಕಳಿಂಗದಲ್ಲಿ, ಅಂದರೆ ಇಂದಿನ ಒಡಿಶಾದಲ್ಲಿ, 1999ರ ಜನವರಿಯಲ್ಲಿ ಎದುರಾಯಿತು. ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದ ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳು ಮನೋಹರಪುರ ಎಂಬ ಹಳ್ಳಿಯಲ್ಲಿ ವಾಹನದೊಳಗೆ ಮಲಗಿದ್ದಾಗ, ಗುಂಪೊಂದು ಅದಕ್ಕೆ ಬೆಂಕಿಯಿಟ್ಟಿತು. ಹಿರಿಯವನಾದ ಫಿಲಿಪ್‌ಗೆ 10 ವರ್ಷ, ತಿಮೋತಿಗೆ 6. ಪತ್ನಿ ಗ್ಲಾಡಿಸ್ ಅವರು ಕೊಂದವರನ್ನು ಕ್ಷಮಿಸಿರುವುದಾಗಿ ಹೇಳಿದರು. ಹೇಳಿ ತಾಯ್ನಾಡಿಗೆ ಹೊರಟುಹೋಗಲಿಲ್ಲ; ಮಗಳು ಎಸ್ತರ್ ಜೊತೆ 2004ರವರೆಗೆ ಬಾರಿಪದದಲ್ಲಿಯೇ ಇದ್ದು ರೋಗಿಗಳ ಸೇವೆ ಮುಂದುವರಿಸಿದರು. 2005ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು.

ಇಲ್ಲಿ ಎರಡು ಸಂಗತಿಗಳನ್ನು ಮರೆಯಬಾರದು. ಮೊದಲನೆಯದು, ಆಕೆಯ ಕ್ಷಮೆ ನ್ಯಾಯಾಲಯದ ಬಾಗಿಲು ಮುಚ್ಚಲಿಲ್ಲ. ವಿಚಾರಣೆ ನಡೆಯಿತು; ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು. ಕ್ಷಮೆ ಹಗೆತನವನ್ನು ಬಿಡುತ್ತದೆ; ಸಮಾಜವನ್ನು ಕಾಯುವ ಕಾನೂನಿನ ಹೊಣೆಯನ್ನು ಬಿಡಿಸುವುದಿಲ್ಲ. ಸಾಲ ಮನ್ನಾ ಮಾಡಬೇಕಾದರೂ ಮೊದಲು ಸಾಲವಿತ್ತೆಂದು ಲೆಕ್ಕದಲ್ಲಿ ಬರೆಯಬೇಕಷ್ಟೆ.

ಎರಡನೆಯದು ನಮ್ಮ ಊರುಗಳಿಗೆ ಹೆಚ್ಚು ಸಂಬಂಧಿಸಿದ್ದು. ಕ್ಷಮಿಸುವ ಹಕ್ಕು ನಷ್ಟ ಅನುಭವಿಸಿದವರದು ಮಾತ್ರ. ಗ್ಲಾಡಿಸ್ ಅವರ ಪರವಾಗಿ ನೆರೆಯವರು ಕ್ಷಮಿಸಿದ್ದರೆ ಅದಕ್ಕೆ ಬೆಲೆಯಿರುತ್ತಿರಲಿಲ್ಲ. ಆದರೆ ನಮ್ಮಲ್ಲಿ ಕಟ್ಟೆಯ ಮೇಲೆ ಕುಳಿತ ಹಿರಿಯರು ಏಟು ತಿಂದ ಹೆಣ್ಣುಮಗಳಿಗೆ, ಅವಮಾನಗೊಂಡ ಬಡವನಿಗೆ, ‘ಹೋಗ್ಲಿ ಬಿಡು, ದೊಡ್ಡ ಮನಸ್ಸು ಮಾಡು’ ಎನ್ನುತ್ತಾರೆ. ಹೊಡೆದವನಿಗೆ ಒಂದು ಮಾತಿಲ್ಲ. ಇದು ಬೇರೆಯವರ ಗಂಟನ್ನು ಮನ್ನಾ ಮಾಡಿ ಪುಣ್ಯ ಪಡೆಯುವ ಉಪಾಯ. ಇದನ್ನು ಕ್ಷಮೆಯೆನ್ನಲಾಗದು. ಚರ್ಚಿನ ಒಳಗೆ ನಡೆದರೂ ಅಷ್ಟೆ, ಹೊರಗೆ ನಡೆದರೂ ಅಷ್ಟೆ.

ಹಾಗಾದರೆ ನಾವು ಮಾಡಬಹುದಾದದ್ದೇನು? ಇನ್ನೊಬ್ಬರಿಗೆ ಕ್ಷಮಿಸೆಂದು ಹೇಳುವ ಮೊದಲು, ನಮಗೆ ಬರಬೇಕಾದ ಬಾಕಿಗಳನ್ನು ನೋಡಿಕೊಳ್ಳಬಹುದು: ಬದುವಿನ ಜಗಳಕ್ಕಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು, ಮದುವೆಯ ಊಟದಲ್ಲಿ ಆಡಿದ ಒಂದು ಮಾತಿಗೆ ದೂರವಾದ ಬೀಗರು. ಇವೆಲ್ಲ ನೂರು ದಿನದ ಕೂಲಿಯಷ್ಟೇ ಸಾಲಗಳು. ಅವುಗಳನ್ನು ಬಿಟ್ಟುಕೊಡಲು ಯಾರ ಅನುಮತಿಯೂ ಬೇಕಿಲ್ಲ.